ಹೂವಿಲ್ಲದಾಗಲೂ ಗುರುತು ಹಿಡಿಯಿರಿ: ಸಂಡೂರು ಸೀಮೆಯ ಮರದ ಮೇಲಿನ ಆರ್ಕಿಡ್

ಆರ್ಕಿಡ್ ಎಂದ ಕೂಡಲೇ ನಮ್ಮ ಕಡೆಯವರು ಆಗುಂಬೆ, ಕೊಡಗು, ಯಲ್ಲಾಪುರದ ಹೆಸರು ಹೇಳುತ್ತಾರೆ. ಬಳ್ಳಾರಿ, ಹೊಸಪೇಟೆ ಎಂದರೆ ಬಂಡೆ, ಬಿಸಿಲು, ಜಾಲಿಮುಳ್ಳು, ಅದಿರಿನ ಕೆಂಧೂಳು. ಇಂಥ ಸೀಮೆಯಲ್ಲಿ ಮರದ ಮೇಲೆ ಆರ್ಕಿಡ್ ಬೆಳೆದೀತೇ ಎಂದು ಕೇಳುವವರೇ ಹೆಚ್ಚು. ಬೆಳೆಯುತ್ತದೆ. ದಖ್ಖನ್ನಿನ ಎಲೆ ಉದುರುವ ಒಣಕಾಡಿಗೆ ಹೇಳಿ ಮಾಡಿಸಿದ ಆರ್ಕಿಡ್ ಒಂದಿದೆ. ಅದರ ಶಾಸ್ತ್ರೀಯ ಹೆಸರು ವಂಡಾ ಟೆಸಲೇಟಾ. ಪೂರ್ವ ಕರಾವಳಿಯ ಗಿಡಗಳ ಮೇಲೆ ವಿಲಿಯಂ ರಾಕ್ಸ್‌ಬರ್ಗ್ ಹೊರತಂದ ಚಿತ್ರಸಂಪುಟದಲ್ಲಿ 1795ರಲ್ಲೇ ಇದರ ಬಣ್ಣದ ಚಿತ್ರ ಅಚ್ಚಾಯಿತು. ವಂಡಾ ಎಂಬ ಇಡೀ ಕುಲವನ್ನು 1820ರಲ್ಲಿ ಸಸ್ಯಶಾಸ್ತ್ರಕ್ಕೆ ಪರಿಚಯಿಸಿದ್ದು ಇದೇ ಗಿಡವನ್ನು ಮುಂದಿಟ್ಟುಕೊಂಡು. ಇಂದು ಹೂವಿನಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರಾಟವಾಗುವ ಎಷ್ಟೋ ವಂಡಾ ಮಿಶ್ರತಳಿಗಳ ವಂಶವೃಕ್ಷದಲ್ಲಿ ಇದರ ಹೆಸರಿದೆ.

ಹಾಗಿದ್ದೂ ಇದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ವರ್ಷದ ಬಹುಪಾಲು ಇದು ಹೂವಿಲ್ಲದೆ, ಕೊಂಬೆಗೆ ಅಂಟಿಕೊಂಡ ನಾಲ್ಕು ಒರಟು ಎಲೆಗಳಾಗಿ ಇರುವುದೇ ಕಾರಣ. ಪುಸ್ತಕಗಳು ತೋರಿಸುವುದು ಹೂವಿನ ಚಿತ್ರವನ್ನು. ಕಡಿಯುವವನ ಕೊಡಲಿಗೆ ಸಿಗುವುದು ಹೂವಿಲ್ಲದ ಗಿಡ. ಆದ್ದರಿಂದ ಈ ಲೇಖನದಲ್ಲಿ ಹೂವಿಗಿಂತ ಎಲೆ, ಬೇರು, ತೊಗಟೆಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಡಿಸೆಂಬರಿನ ಒಣ ಮಧ್ಯಾಹ್ನದಲ್ಲೂ ಮರದ ಕೆಳಗೆ ನಿಂತು ‘ಇದು ಅದೇ’ ಎಂದು ಹೇಳಬಲ್ಲವರು ಪ್ರತಿ ಊರಲ್ಲೂ ಇರಬೇಕು ಎಂಬುದು ನನ್ನ ಆಸೆ.

ಮೊದಲು ಜಾಗ

ಗಿಡ ಹುಡುಕುವ ಮೊದಲು ಕಾಡನ್ನು ಓದಬೇಕು. ಸಂಡೂರು ಒಂದು ಕಣಿವೆ. ಎರಡೂ ಬದಿಗೆ ಉದ್ದಕ್ಕೆ ಬೆಟ್ಟಸಾಲು: ಸ್ವಾಮಿಮಲೆ, ದೋಣಿಮಲೆ, ದೇವದಾರಿ, ರಾಮಗಡ. ಬ್ರಿಟಿಷರ ಕಾಲದಲ್ಲಿ ಬಳ್ಳಾರಿಯ ದಂಡಿನವರು ಬಿಸಿಲು ತಾಳಲಾರದೆ ಹತ್ತಿ ಹೋಗುತ್ತಿದ್ದ ರಾಮಗಡ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ. ಹಂಪಿ ಇರುವುದು ಅದರ ಅರ್ಧಕ್ಕಿಂತ ಕಡಿಮೆ ಎತ್ತರದಲ್ಲಿ. ಈ ವ್ಯತ್ಯಾಸದಿಂದಲೇ ಮಳೆಗಾಲದ ಮೋಡ ಬಳ್ಳಾರಿಯ ಬಯಲನ್ನು ದಾಟಿ ಹೋದರೂ ಸಂಡೂರಿನ ನೆತ್ತಿಯ ಮೇಲೆ ತಂಗುತ್ತದೆ, ಬೆಳಗಿನ ಹೊತ್ತು ಮಂಜು ಕವಿಯುತ್ತದೆ. ಮರದ ಮೇಲೆ, ಮಣ್ಣಿನ ಆಸರೆಯಿಲ್ಲದೆ ಬದುಕುವ ಗಿಡಕ್ಕೆ ಮಳೆಯಷ್ಟೇ ಮುಖ್ಯವಾದದ್ದು ಈ ಮಂಜು, ಈ ಇಬ್ಬನಿ.

ನಾರಿಹಳ್ಳ ಬೆಟ್ಟಸಾಲನ್ನು ಎರಡು ಕಡೆ ಸೀಳಿಕೊಂಡು ಹರಿಯುತ್ತದೆ. ಒಂದು ಓಬಳಗಂಡಿ, ಇನ್ನೊಂದು ಭೀಮಗಂಡಿ. ಗಂಡಿಯೆಂದರೆ ಎರಡು ಕಡೆಯೂ ಬಂಡೆ ಎದ್ದು ನಿಂತ ಇಕ್ಕಟ್ಟಾದ ದಾರಿ. ನೇರ ಬಿಸಿಲು ಅಲ್ಲಿಗೆ ದಿನದಲ್ಲಿ ಕೆಲವೇ ತಾಸು ಬೀಳುತ್ತದೆ. ನೀರಿನ ಪಸೆ ಗಾಳಿಯಲ್ಲೇ ಇರುತ್ತದೆ. ಹರಿಶಂಕರದಂಥ ನೀರಿನ ಸೆಲೆಯಿರುವ ದೇವಸ್ಥಾನಗಳ ಸುತ್ತಲಿನ ಮರಗಳೂ ಇಂಥವೇ. ಕಾಡಿನ ಒಳಕ್ಕೆ ಹೋಗದೆ, ರಸ್ತೆಯಲ್ಲೇ ನಿಂತು ದುರ್ಬೀನಿನಲ್ಲಿ ನೋಡಲು ಈ ಜಾಗಗಳು ಒಳ್ಳೆಯವು. ಕುಮಾರಸ್ವಾಮಿ ದೇವಸ್ಥಾನಕ್ಕೆ ಹೋಗುವ ಬೆಟ್ಟದ ದಾರಿಯಲ್ಲೂ ಹಳೆಯ ಮರಗಳ ಮೇಲೆ ಕಣ್ಣಿಟ್ಟು ಸಾಗಿ.

ನಾರಿಹಳ್ಳದ ನೀರು ಮುಂದೆ ದರೋಜಿ ಕೆರೆ ಸೇರುತ್ತದೆ. ಅಲ್ಲಿಂದ ಕಮಲಾಪುರ, ಹಂಪಿಯ ಕಡೆಗೆ ನೆಲದ ಗುಣವೇ ಬೇರೆ. ಗ್ರಾನೈಟ್ ಗುಂಡುಗಳು ಹಗಲೆಲ್ಲ ಕಾಯುತ್ತವೆ, ರಾತ್ರಿಯೂ ಬೇಗ ತಣಿಯುವುದಿಲ್ಲ. ಕುರುಚಲು ಕಾಡು, ಗಿಡ್ಡ ಮರ, ತೆಳು ನೆರಳು. ಇಲ್ಲಿ ಮರದ ಮೇಲಿನ ಆರ್ಕಿಡ್‌ಗೆ ಕಷ್ಟ. ಹಂಪಿಯ ಸುತ್ತ ಹುಡುಕುವವರು ಬಂಡೆಗುಡ್ಡಗಳನ್ನು ಬಿಟ್ಟು, ವಿಜಯನಗರದ ಕಾಲದಿಂದ ಇಂದಿಗೂ ನೀರು ಹರಿಸುತ್ತಿರುವ ಕಾಲುವೆಗಳ ಪಕ್ಕದ ಮುದಿ ಹುಣಸೆ, ಮಾವು, ಹೊಂಗೆಗಳನ್ನು ನೋಡಬೇಕು. ತುಂಗಭದ್ರೆಯ ದಂಡೆಯ ಕಂಪ್ಲಿಯಲ್ಲಿ ಭತ್ತ ಮತ್ತು ಬಾಳೆಯ ತೇವ ಇದೆ, ಮರಗಳು ಮಾತ್ರ ಕಡಿಮೆ. ಊರ ಮುಂದಿನ, ದೇವಸ್ಥಾನದ ಅಂಗಳದ, ಹೊಲದ ಬದುವಿನ ದೊಡ್ಡ ಮರಗಳೇ ಅಲ್ಲಿ ಉಳಿದಿರುವ ಆಸರೆ.

ಮರದ ವಯಸ್ಸು ಇಲ್ಲಿ ಬಹಳ ಮುಖ್ಯ. ಎಳೆಯ ಮರದ ನುಣುಪು ತೊಗಟೆಯಲ್ಲಿ ಆರ್ಕಿಡ್ ಬೀಜ ನಿಲ್ಲುವುದಿಲ್ಲ. ಬಿರುಕು ಬಿಟ್ಟ, ನೀರಿನ ಪಸೆ ಹಿಡಿದಿಡುವ ಒರಟು ತೊಗಟೆ ಬೇಕು. ಹುಣಸೆ, ಮಾವು, ಇಪ್ಪೆ, ಮತ್ತಿ ಇಂಥ ಮರಗಳು. ಪದರ ಪದರವಾಗಿ ತೊಗಟೆ ಕಳಚುವ ಮರಗಳ ಮೇಲೆ ಹುಡುಕುವುದರಲ್ಲಿ ಹೆಚ್ಚು ಅರ್ಥವಿಲ್ಲ, ಬೇರು ಹಿಡಿದ ತೊಗಟೆಯೇ ಉದುರಿ ಹೋಗುತ್ತದೆ. ನೀಲಗಿರಿ ನೆಡುತೋಪಿನಲ್ಲಿ ಈ ಗಿಡ ಸಿಕ್ಕೀತೆಂದು ನಾನು ಕಾಯುವುದಿಲ್ಲ.

ಕೆಳಗಿನಿಂದ ಮೇಲಕ್ಕೆ ನೋಡುವ ಕ್ರಮ

ಮರದ ಬುಡದಲ್ಲಿ ನಿಂತು ಕೊಂಬೆ ಕವಲೊಡೆಯುವ ಜಾಗಗಳನ್ನು ಮೊದಲು ನೋಡಿ. ನೀರು, ಎಲೆಕಸ, ಧೂಳು ನಿಲ್ಲುವುದು ಅಲ್ಲೇ. ದಪ್ಪ ಕೊಂಬೆಯ ಮೇಲ್ಮೈ, ಬಿಸಿಲು ಸೋಸಿ ಬೀಳುವ ಕಡೆ, ಎಲೆಗಳ ಒಂದು ತೊಡಕು ಕಂಡರೆ ನಿಂತು ನೋಡಿ. ಮರ ತನ್ನ ಎಲೆಯನ್ನೆಲ್ಲ ಉದುರಿಸಿಕೊಂಡಿರುವ ಫೆಬ್ರವರಿ, ಮಾರ್ಚ್ ಈ ಹುಡುಕಾಟಕ್ಕೆ ಅತ್ಯಂತ ಒಳ್ಳೆಯ ಕಾಲ. ಬೋಳು ಕೊಂಬೆಯ ಮೇಲೆ ಹಸಿರಾಗಿ ಉಳಿದದ್ದೆಲ್ಲ ಮರದ್ದಲ್ಲದ ಹಸಿರು. ಅದರಲ್ಲಿ ಯಾವುದು ಯಾವುದು ಎಂದು ಬೇರ್ಪಡಿಸುವುದಷ್ಟೇ ಉಳಿದ ಕೆಲಸ.

ಬೇರಿನಿಂದ ಶುರುಮಾಡೋಣ, ಏಕೆಂದರೆ ಬೇರೇ ಖಚಿತ ಸಾಕ್ಷಿ. ವಂಡಾದ ಬೇರು ಪೆನ್ಸಿಲ್‌ಗಿಂತ ತುಸು ತೆಳು, ಬೂದುಬಿಳಿ ಬಣ್ಣ, ದುಂಡಗೆ. ತೊಗಟೆಯ ಮೇಲೆ ಹಾವಿನಂತೆ ಹರಿದಾಡಿ ಅಂಟಿಕೊಳ್ಳುತ್ತದೆ, ಕೆಲವು ಗಾಳಿಯಲ್ಲೇ ಜೋತಾಡುತ್ತವೆ. ಆ ಬಿಳುಪು ಬೇರಿನ ಸುತ್ತಲಿನ ಸತ್ತ ಕೋಶಗಳ ಪದರದ್ದು. ವೆಲಮೆನ್ ಎನ್ನುವ ಈ ಪದರ ಒಣಗಿದಾಗ ಗಾಳಿ ತುಂಬಿಕೊಂಡು ಬೆಳ್ಳಗೆ ಕಾಣುತ್ತದೆ. ಮಳೆ ಹನಿ ಬಿದ್ದೊಡನೆ ನೀರು ಹೀರಿ ಪಾರದರ್ಶಕವಾಗಿ, ಒಳಗಿನ ಹಸಿರು ಹೊರಕ್ಕೆ ಕಾಣುತ್ತದೆ. ಮಳೆ ನಿಂತ ಕೂಡಲೇ ನೋಡಿದರೆ ಬೇರು ಹಸಿರು, ಮಧ್ಯಾಹ್ನದ ಹೊತ್ತಿಗೆ ಮತ್ತೆ ಬಿಳಿ. ಬೇರಿನ ತುದಿ ಮಾತ್ರ ಬೆಳೆಯುವ ಕಾಲದಲ್ಲಿ ಯಾವಾಗಲೂ ಹಸಿರಾಗಿಯೋ ಕೆಂಪುಛಾಯೆಯಲ್ಲೋ ಇರುತ್ತದೆ. ತೊಗಟೆಯ ಒಳಕ್ಕೆ ಈ ಬೇರು ಇಳಿದಿರುವುದಿಲ್ಲ, ಮೇಲೇ ಹರಿದಿರುತ್ತದೆ. ಅದಿರು ಲಾರಿ ಓಡಾಡುವ ರಸ್ತೆಯ ಬದಿಯಲ್ಲಿ ಬಿಳುಪು ಕೆಂಧೂಳಿನಲ್ಲಿ ಮುಚ್ಚಿಹೋಗಿರಬಹುದು. ಅಂಥಲ್ಲಿ ಬಣ್ಣ ನೋಡದೆ ಆಕಾರ ನೋಡಿ.

ಇನ್ನು ಕಾಂಡ ಮತ್ತು ಎಲೆ. ಒಂದೇ ಕಾಂಡ ತುದಿಯಲ್ಲಿ ಬೆಳೆಯುತ್ತಲೇ ಹೋಗುತ್ತದೆ, ಮೊಳದುದ್ದದವರೆಗೂ ಬೆಳೆದೀತು. ಬುಡದಲ್ಲಿ ಗಡ್ಡೆಯಿಲ್ಲ, ಉಬ್ಬಿದ ಕಾಂಡವಿಲ್ಲ. ಎಲೆಗಳು ಕಾಂಡದ ಎರಡೇ ಬದಿಗೆ, ಎದುರುಬದುರಾಗಿ ಒಂದರ ಮೇಲೊಂದು ಸಾಲುಗಟ್ಟಿರುತ್ತವೆ. ಎಲೆ ಸುಮಾರು ಗೇಣುದ್ದ, ಒಂದೆರಡು ಸೆಂಟಿಮೀಟರ್ ಅಗಲ, ತೊಗಲಿನಷ್ಟು ಗಟ್ಟಿ. ನಡುವೆ ಮಡಚಿದ್ದು, ಅಡ್ಡ ಕೊಯ್ದು ನೋಡಿದರೆ ಇಂಗ್ಲಿಷಿನ ವಿ ಅಕ್ಷರದ ಆಕಾರ. ಬುಡದಿಂದ ಎದ್ದು ಹೊರಕ್ಕೆ ಬಾಗಿ ಕೆಳಗಿಳಿಯುತ್ತದೆ. ಎಲೆಯ ತುದಿಯನ್ನು ದುರ್ಬೀನಿನಲ್ಲಿ ತಪ್ಪದೆ ನೋಡಿ: ಮೊನಚಾಗಿರದೆ, ಯಾರೋ ಕಚ್ಚಿ ಹರಿದಂತೆ ಎರಡು ಮೂರು ಹಲ್ಲುಗಳು, ಒಂದರಷ್ಟು ಇನ್ನೊಂದು ಉದ್ದವಿಲ್ಲ. ಹುಳು ತಿಂದದ್ದೆಂದು ಹೊಸಬರು ತಿಳಿಯುತ್ತಾರೆ. ಎಲ್ಲ ಎಲೆಗೂ ಅದೇ ಅಂಚು ಇದ್ದರೆ ಅದು ಹುಳುವಿನ ಕೆಲಸವಲ್ಲ, ಗಿಡದ ಗುಣ.

ಆ ಗಟ್ಟಿ ಎಲೆಗೆ ಕಾರಣವಿದೆ. ಬೇಸಿಗೆಯಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ತಿಂಗಳುಗಟ್ಟಲೆ ಹನಿ ನೀರು ಬೀಳುವುದಿಲ್ಲ. ವಂಡಾ ಹಗಲು ತನ್ನ ಪತ್ರರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತಂಪಾದಾಗ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಂಡು ಆಮ್ಲದ ರೂಪದಲ್ಲಿ ಕೂಡಿಡುತ್ತದೆ. ಹಗಲು ಬೆಳಕು ಬಂದಾಗ ಬಾಗಿಲು ತೆರೆಯದೆಯೇ ಅದನ್ನು ಬಳಸಿ ಆಹಾರ ತಯಾರಿಸುತ್ತದೆ. ಪಾಪಾಸುಕಳ್ಳಿಯೂ ಅನಾನಸೂ ಮಾಡುವುದು ಇದನ್ನೇ. ಮಣ್ಣಿಲ್ಲದ ಕೊಂಬೆಯ ಮೇಲೆ ಬಳ್ಳಾರಿಯ ಬೇಸಿಗೆಯನ್ನು ದಾಟುವ ಈ ಗಿಡದ ಬಗ್ಗೆ ನನಗಿರುವ ಗೌರವಕ್ಕೆ ಹೂವಿಗಿಂತ ಇದೇ ಹೆಚ್ಚಿನ ಕಾರಣ.

ಹೂವು ಕಂಡಾಗ

ಬೇಸಿಗೆಯ ಅಡ್ಡಮಳೆ ಬಿದ್ದ ಮೇಲೆ, ಮುಂಗಾರು ಹಿಡಿಯುವ ಹೊತ್ತಿಗೆ ಎಲೆಯ ಕಂಕುಳಿನಿಂದ ದಂಟೊಂದು ಹೊರಡುತ್ತದೆ. ಕಾಂಡದ ತುದಿಯಿಂದ ಅಲ್ಲ, ಬದಿಯಿಂದ. ಗೇಣುದ್ದದ ದಂಟಿನಲ್ಲಿ ಐದಾರರಿಂದ ಹತ್ತರವರೆಗೆ ಹೂಗಳು. ಒಂದೊಂದೂ ನಾಲ್ಕೈದು ಸೆಂಟಿಮೀಟರ್ ಅಗಲ, ಅಂದರೆ ಒಣಕಾಡಿನ ಆರ್ಕಿಡ್‌ಗಳ ನಡುವೆ ದೊಡ್ಡದೇ.

ಐದು ದಳಗಳು ಹೊರಗಿನಿಂದ ಬಿಳಿ. ಒಳಗಿನಿಂದ ಹಳದಿಹಸಿರಿನ ಮೇಲೆ ಕಂದು ಗೆರೆಗಳು ಅಡ್ಡಡ್ಡ ಹೆಣೆದು ಚೌಕುಳಿ ಮೂಡಿರುತ್ತದೆ. ಆರನೆಯ ದಳ ತುಟಿ. ಅದು ನೇರಳೆ, ಕೆಲವೊಮ್ಮೆ ನೀಲಿಯತ್ತ ಹೊರಳಿದ ನೇರಳೆ. ತುಟಿಯ ನಡುಭಾಗ ಪಿಟೀಲಿನ ಮೈಯಂತೆ ನಡುವೆ ಸಣ್ಣದಾಗಿ ತುದಿಯಲ್ಲಿ ಅಗಲವಾಗುತ್ತದೆ. ಹಿಂದೆ ಚಿಕ್ಕದೊಂದು ಕೊಂಬು. ಗಿಡದಿಂದ ಗಿಡಕ್ಕೆ ಮೈಬಣ್ಣ ಬದಲಾಗುತ್ತದೆ: ಒಂದು ಮರದ್ದು ಬೂದುಹಸಿರು, ಪಕ್ಕದ್ದು ಕಂದು, ಇನ್ನೊಂದು ಹಳದಿ. ಬಣ್ಣ ಬೇರೆಯೆಂದು ಜಾತಿಯನ್ನೇ ಬೇರೆ ಮಾಡಬೇಡಿ. ಚೌಕುಳಿ ಮತ್ತು ನೇರಳೆ ತುಟಿ ಎರಡೂ ಕೂಡಿದ್ದರೆ ಸಾಕು. ಪರಿಮಳವಿದೆ, ಮರ ಎತ್ತರವಿಲ್ಲದಿದ್ದರೆ ಕೆಳಗೆ ನಿಂತವರಿಗೂ ತಿಳಿಯುತ್ತದೆ.

ಕಾಯಿ ಬೆರಳುದ್ದ, ಉದ್ದಕ್ಕೆ ಏಣುಗಳು. ಬಲಿಯಲು ತಿಂಗಳುಗಳೇ ಬೇಕು. ಬಲಿತು ಸೀಳಿದಾಗ ಒಳಗಿನಿಂದ ಹಾರುವುದು ಹುಡಿಯಂಥ ಬೀಜ. ಒಂದೇ ಕಾಯಲ್ಲಿ ಲೆಕ್ಕವಿಡಲಾಗದಷ್ಟು ಬೀಜಗಳಿದ್ದರೂ ಕಾಡಿನಲ್ಲಿ ಹೊಸ ಗಿಡ ಅಪರೂಪ, ಏಕೆಂದರೆ ಆ ಬೀಜದೊಳಗೆ ಮೊಳಕೆಗೆ ಬೇಕಾದ ಆಹಾರವೇ ಇಲ್ಲ. ತೊಗಟೆಯ ಬಿರುಕಿನಲ್ಲಿ ತನಗೆ ಒಗ್ಗುವ ಶಿಲೀಂಧ್ರ ಸಿಕ್ಕರೆ ಮಾತ್ರ ಅದು ಕಣ್ಣು ಬಿಡುತ್ತದೆ. ಪ್ರಯೋಗಾಲಯದಲ್ಲಿ ಸಕ್ಕರೆ ಬೆರೆಸಿದ ಮಾಧ್ಯಮದ ಮೇಲೆ ಶಿಲೀಂಧ್ರವಿಲ್ಲದೆಯೂ ಆರ್ಕಿಡ್ ಬೀಜ ಮೊಳೆಸಬಹುದೆಂದು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿದರು. ನರ್ಸರಿಗಳಲ್ಲಿ ಇಂದು ಸಿಗುವ ಡೆಂಡ್ರೋಬಿಯಂ, ಫೆಲನಾಪ್ಸಿಸ್‌ಗಳ ಹಿಂದೆ ಇರುವುದು ಪ್ರಯೋಗಾಲಯದ ಇಂಥ ವಿದ್ಯೆಯೇ. ಮನೆಯಲ್ಲಿ ಆರ್ಕಿಡ್ ಬೆಳೆಸುವ ಆಸೆಯಿದ್ದವರು ಅವನ್ನು ಕೊಂಡು ಬೆಳೆಸಲಿ. ಕಾಡಿನ ಮರದಿಂದ ಕಿತ್ತು ತಂದ ವಂಡಾದ ಬೇರು ತೊಗಟೆಯಿಂದ ಬಿಡಿಸುವಾಗಲೇ ಹರಿದಿರುತ್ತದೆ. ಕುಂಡದ ಮಣ್ಣಿನಲ್ಲಿ ಹೂತರೆ ಉಳಿದದ್ದೂ ಕೊಳೆಯುತ್ತದೆ.

ತಪ್ಪಿ ತಿಳಿಯುವ ಗಿಡಗಳು

ಮೊದಲನೆಯದೂ ದೊಡ್ಡದೂ ಆದ ತಪ್ಪು ಬದನಿಕೆಯದು. ‘ಬದನಿಕಿ ಐತ್ರೀ, ಗಿಡಾನ ತಿಂತೈತಿ’ ಎಂದು ಹೊಲದವರು ಹೇಳುವ ಮಾತು ನಿಜವಾದ ಬದನಿಕೆಗೆ ಪೂರ್ತಿ ಸಲ್ಲುತ್ತದೆ. ಅದು ಮಾವು, ಬೇವು, ಹೊಂಗೆಯ ಕೊಂಬೆಯೊಳಕ್ಕೆ ಬೇರು ಚುಚ್ಚಿ ರಸ ಹೀರುವ ಪರಾವಲಂಬಿ. ತೊಂದರೆಯೇನೆಂದರೆ ಅನೇಕರು ಮರದ ಮೇಲಿನ ಆರ್ಕಿಡನ್ನೂ ಅದೇ ಹೆಸರಿನಿಂದ ಕರೆದು, ಅದೇ ಕುಡುಗೋಲಿನಿಂದ ಸವರಿ ಹಾಕುತ್ತಾರೆ. ಬೇರ್ಪಡಿಸುವುದು ಸುಲಭ. ಬದನಿಕೆಗೆ ಅಗಲವಾದ ಅಂಡಾಕಾರದ ಎಲೆ, ಕವಲೊಡೆದ ಕಟ್ಟಿಗೆಯ ಟೊಂಗೆ, ಕೊಳವೆಯಂಥ ಕೇಸರಿ ಹೂ. ಅದು ಮರಕ್ಕೆ ಸೇರುವ ಜಾಗದಲ್ಲಿ ಗಂಟು ಉಬ್ಬಿರುತ್ತದೆ. ಆರ್ಕಿಡ್‌ಗೆ ಬಿಳಿ ಬೇರಿದೆ, ಗಂಟಿಲ್ಲ, ಕಟ್ಟಿಗೆಯ ಟೊಂಗೆಯಿಲ್ಲ. ಮರದಿಂದ ಅದು ಪಡೆಯುವುದು ನಿಲ್ಲಲು ಜಾಗ ಮಾತ್ರ. ನೀರು ಮಳೆಯದು, ಇಬ್ಬನಿಯದು, ಆಹಾರ ತನ್ನ ಎಲೆಯದು. ಮಾವಿನ ತೋಟದವರು ಬದನಿಕೆ ಕಡಿಸುವಾಗ ಆಳಿಗೆ ಈ ಒಂದು ವ್ಯತ್ಯಾಸ ತೋರಿಸಿಕೊಟ್ಟರೆ ಈ ಸೀಮೆಯ ಎಷ್ಟೋ ಆರ್ಕಿಡ್ ಉಳಿದಾವು.

ಅಮೃತಬಳ್ಳಿಯ ಜೋಲುಬೇರನ್ನು ನೋಡಿ ಆರ್ಕಿಡ್ ಎಂದುಕೊಳ್ಳುವವರೂ ಇದ್ದಾರೆ. ಅದು ದಾರದಷ್ಟು ತೆಳು, ಮಾರುಗಟ್ಟಲೆ ಉದ್ದ. ಮೇಲೆ ಹೃದಯದಾಕಾರದ ಎಲೆ ಕಂಡರೆ ಅನುಮಾನ ಮುಗಿಯಿತು.

ಕಷ್ಟ ಬರುವುದು ಆರ್ಕಿಡ್‌ಗಳ ನಡುವೆಯೇ ಬೇರ್ಪಡಿಸುವಾಗ. ಒಣಕಾಡಿನ ಇನ್ನೊಂದು ಸಾಮಾನ್ಯ ಆರ್ಕಿಡ್ ಅಕಾಂಪೆ ಪ್ರೆಮೋರ್ಸಾ. ಅದರ ಎಲೆತುದಿಯೂ ಕಚ್ಚಿದಂತೆಯೇ ಇರುತ್ತದೆ, ಬೇರೂ ಬಿಳಿಯೇ. ಆದರೆ ಎಲೆ ಇನ್ನೂ ದಪ್ಪ, ಸೆಟೆದು ನಿಂತದ್ದು, ವಂಡಾದಷ್ಟು ಕೆಳಕ್ಕೆ ಬಾಗುವುದಿಲ್ಲ. ಬೇರುಗಳು ವಂಡಾದವಕ್ಕಿಂತ ಕೊಬ್ಬಿದವು. ಹೂವಾದರೆ ಸಂದೇಹವೇ ಬೇಡ: ಒಂದು ಸೆಂಟಿಮೀಟರಿನಷ್ಟು ಚಿಕ್ಕ, ಮೇಣದಂತೆ ಗಟ್ಟಿಯಾದ ಹಳದಿ ಹೂ, ಮೇಲೆ ಕೆಂಗಂದು ಪಟ್ಟೆ, ಬಿಳಿ ತುಟಿ. ಗೊಂಚಲು ಎಲೆಗಿಂತ ಗಿಡ್ಡ, ಎಲೆಗಳ ನಡುವೆ ಅಡಗಿದಂತಿರುತ್ತದೆ.

ವಂಡಾ ಕುಲದಲ್ಲೇ ಇನ್ನೊಂದು, ವಂಡಾ ಟೆಸ್ಟೇಸಿಯಾ, ಎಲ್ಲದರಲ್ಲೂ ಚಿಕ್ಕದು. ಕಾಂಡ ಗಿಡ್ಡ, ಹೂವು ಒಂದೂವರೆ ಸೆಂಟಿಮೀಟರ್, ದಳ ಹಳದಿ, ಚೌಕುಳಿಯಿಲ್ಲ, ತುಟಿ ನಸುನೀಲಿ. ಹೂವಿಲ್ಲದಾಗ ಎಳೆಯ ಟೆಸಲೇಟಾವನ್ನೂ ಇದನ್ನೂ ಬೇರ್ಪಡಿಸುವ ಹಟಕ್ಕೆ ಬೀಳಬೇಡಿ. ‘ವಂಡಾ, ಜಾತಿ ಖಚಿತವಿಲ್ಲ’ ಎಂದು ಬರೆದಿಟ್ಟು ಮೇ, ಜೂನ್‌ನಲ್ಲಿ ಮತ್ತೆ ಹೋಗಿ. ಮಲೆನಾಡಿನವರು ಸೀತಾಳೆ ದಂಡೆ ಎನ್ನುವುದು ಇವುಗಳಲ್ಲಿ ಯಾವುದೂ ಅಲ್ಲ. ಅದು ಗುಲಾಬಿ ಚುಕ್ಕೆಯ ಹೂಗಳು ಒತ್ತೊತ್ತಾಗಿ ಜೋತುಬೀಳುವ ರಿಂಕೋಸ್ಟೈಲಿಸ್ ರೆಟೂಸಾ.

ನೆಲದ ಮೇಲೂ ಒಂದು ಕಣ್ಣು

1934ರಲ್ಲಿ ಸಂಡೂರಿಗೆ ಬಂದಿದ್ದ ಗಾಂಧೀಜಿ ಈ ಊರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದರೆಂದು ಊರವರು ಇಂದಿಗೂ ಹೇಳುತ್ತಾರೆ. ನೆಲದ ಆರ್ಕಿಡ್ ಹುಡುಕುವವರಿಗೂ ಒಳ್ಳೆಯ ಕಾಲ ಅದೇ. ಮಳೆಗಾಲದ ನಡುವಿನಿಂದ ಸೆಪ್ಟೆಂಬರ್‌ವರೆಗೆ, ಹುಲ್ಲು ಬೆಳೆದ ಇಳಿಜಾರಿನಲ್ಲಿ, ಪೊದೆಗಳ ಅಂಚಿನಲ್ಲಿ ಹೆಬನೇರಿಯಾ ಕುಲದ ಬಿಳಿ ಹೂಗಳಿಗಾಗಿ ಕಣ್ಣಾಡಿಸಿ. ಹೆಬನೇರಿಯಾ ರಾಕ್ಸ್‌ಬರ್ಗೈ ಗುರುತಿಗೆ ಸುಲಭ: ಅಗಲವಾದ ಎಲೆಗಳು ನೆಲಕ್ಕೆ ಒತ್ತಿಕೊಂಡು ಹರಡಿರುತ್ತವೆ, ನಡುವಿನಿಂದ ಒಂದೇ ದಂಟು ಎದ್ದು ಅದರಲ್ಲಿ ಬಿಳಿ ಹೂಗಳು. ಪ್ರತಿ ಹೂವಿನ ಹಿಂದೆ ಉದ್ದನೆಯ ಕೊಳವೆ. ಮಳೆ ಮುಗಿದ ಮೇಲೆ ಎಲೆ ದಂಟು ಎಲ್ಲ ಒಣಗಿ, ಗಡ್ಡೆ ಮಾತ್ರ ನೆಲದೊಳಗೆ ಉಳಿಯುತ್ತದೆ. ಆದ್ದರಿಂದ ಜನವರಿಯಲ್ಲಿ ನೋಡಿ ‘ಇಲ್ಲಿ ಏನೂ ಇಲ್ಲ’ ಎಂದು ಬರೆದ ವರದಿಗೆ ಬೆಲೆಯಿಲ್ಲ. ಗುಡ್ಡವೊಂದರ ಸಸ್ಯ ಸಮೀಕ್ಷೆ ಯಾವ ತಿಂಗಳು ನಡೆಯಿತು ಎಂದು ಕೇಳುವುದನ್ನು ನಾವೆಲ್ಲ ಅಭ್ಯಾಸ ಮಾಡಿಕೊಳ್ಳಬೇಕು.

ಹೋಗುವ ಮುನ್ನ, ಕಂಡ ಮೇಲೆ

ಕಾಯ್ದಿಟ್ಟ ಅರಣ್ಯದೊಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ಗಣಿ ಗುತ್ತಿಗೆಯ ಜಾಗಗಳಿಗೆ ಹೋಗುವಂತಿಲ್ಲ. ದರೋಜಿ 1994ರಲ್ಲಿ ಕರಡಿಧಾಮವಾಯಿತು. ಅದರ ಸುತ್ತಲಿನ ಹೊಲ, ಗುಡ್ಡಗಳಲ್ಲೂ ಕರಡಿ ಓಡಾಡುತ್ತದೆ. ತಲೆ ಮೇಲೆತ್ತಿ ಮರ ನೋಡುತ್ತ ನಡೆಯುವವರಿಗೆ ಎದುರಿನ ಪೊದೆ ಕಾಣುವುದಿಲ್ಲ. ಬೆಳಕು ಹರಿಯುವ ಮುಂಚೆ, ಸಂಜೆ ಕತ್ತಲಾಗುವ ಹೊತ್ತಿನಲ್ಲಿ ಬೇಡವೇ ಬೇಡ. ಒಬ್ಬರೇ ಹೋಗಬೇಡಿ, ದಾರಿ ಬಲ್ಲ ಸ್ಥಳೀಯರೊಬ್ಬರು ಜೊತೆಗಿರಲಿ. ಕುರಿಗಾಹಿಗಳಿಗೆ ಮರಗಳ ಪರಿಚಯ ನಮಗಿಂತ ಚೆನ್ನಾಗಿರುತ್ತದೆ. ಬಿಳಿಬೇರಿನ ಚಿತ್ರ ತೋರಿಸಿ ಕೇಳಿ ನೋಡಿ.

ಮರ ಹತ್ತುವುದು, ಟೊಂಗೆ ಬಗ್ಗಿಸುವುದು ಬೇಡ. ಫೋಟೊ ಸಾಕು, ಆದರೆ ಸರಿಯಾದ ಫೋಟೊ ಬೇಕು. ಹೂವಿನದೊಂದೇ ತೆಗೆದು ತೃಪ್ತರಾಗುವವರಿಂದ ಜಾತಿ ನಿರ್ಧರಿಸುವವರಿಗೆ ಅರ್ಧ ಸಹಾಯ ಮಾತ್ರ. ಇಡೀ ಗಿಡ, ಎಲೆಯ ತುದಿ, ಬೇರು ತೊಗಟೆಗೆ ಅಂಟಿದ ಜಾಗ, ಹೂವಿದ್ದರೆ ಎದುರಿನಿಂದ ಮತ್ತು ಬದಿಯಿಂದ, ಕೊನೆಗೆ ಆಸರೆ ಮರದ ಎಲೆ ಮತ್ತು ತೊಗಟೆ. ಜೊತೆಗೆ ತಾರೀಖು, ನೆಲದಿಂದ ಎಷ್ಟು ಎತ್ತರ, ಕೊಂಬೆಯ ಯಾವ ದಿಕ್ಕು, ಬಿಸಿಲೋ ನೆರಳೋ, ಗಿಡ ಎಷ್ಟು, ಅದರಲ್ಲಿ ಎಳೆಯವು ಎಷ್ಟು. ಎಳೆಯ ಗಿಡಗಳ ಲೆಕ್ಕ ಬಹಳ ಬೆಲೆಯುಳ್ಳದ್ದು. ಮುದಿ ಗಿಡ ಮಾತ್ರ ಇದ್ದು ಮರಿಗಳೇ ಇಲ್ಲದ ಮರದಲ್ಲಿ ಏನೋ ಕೆಟ್ಟಿದೆ ಎಂದರ್ಥ.

ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್ ಇವುಗಳಿಗೆ ಈ ಫೋಟೊಗಳನ್ನು ಏರಿಸಿದರೆ ಬಲ್ಲವರು ಜಾತಿ ಹೇಳುತ್ತಾರೆ. ಒಂದು ಎಚ್ಚರಿಕೆ: ಸ್ಥಳವನ್ನು ಮಸುಕುಗೊಳಿಸುವ ಆಯ್ಕೆಯನ್ನು ಒತ್ತಿ. ವಾಟ್ಸ್‌ಆ್ಯಪ್ ಗುಂಪಿಗೆ ನಕ್ಷೆಯ ಗುರುತನ್ನು ಕಳಿಸಬೇಡಿ. ವಂಡಾ ಬೇರಿಗೆ ನಾಟಿ ಔಷಧಿಯ ಬೇಡಿಕೆಯಿದೆ. ಆಯುರ್ವೇದದ ರಾಸ್ನಾ ಎಂದರೆ ಅಧಿಕೃತವಾಗಿ ಪ್ಲೂಕಿಯಾ ಲ್ಯಾನ್ಸಿಯೊಲೇಟಾ ಎಂಬ ಬೇರೆಯೇ ಗಿಡವಾದರೂ ದೇಶದ ಕೆಲವೆಡೆ ಅದರ ಬದಲು ವಂಡಾದ ಬೇರನ್ನು ಬಳಸುತ್ತ ಬಂದಿದ್ದಾರೆ. ಈ ಲೇಖನದಲ್ಲಿ ಯಾವ ಮರ, ಯಾವ ತಿರುವು ಎಂದು ನಾನು ಬರೆಯದಿರುವುದಕ್ಕೂ ಇದೇ ಕಾರಣ.

ಕಾನೂನಿನ ಮಾತೂ ತಿಳಿದಿರಲಿ. ಆರ್ಕಿಡ್ ಕುಟುಂಬದ ಎಲ್ಲ ಗಿಡಗಳೂ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಭಯಾರಣ್ಯದೊಳಗಿನಿಂದ ಪರವಾನಗಿಯಿಲ್ಲದೆ ಯಾವ ಗಿಡವನ್ನೂ ಕೀಳುವಂತಿಲ್ಲ, ದರೋಜಿಗೂ ಅದೇ ನಿಯಮ. ಕಾಯ್ದಿಟ್ಟ ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ.

ಸ್ವಂತ ಹೊಲದಲ್ಲಿ ಇದ್ದರೆ ಮಾಡಬೇಕಾದ್ದು ಬಹಳ ಕಡಿಮೆ: ಮುಟ್ಟದಿರುವುದು. ಗೊಬ್ಬರ ಬೇಡ, ನೀರು ಹಾಯಿಸುವುದು ಬೇಡ, ಮರದ ಬುಡದಲ್ಲಿ ಕಸ ಸುಡಬೇಡಿ. ಗಾಳಿಮಳೆಗೆ ಆರ್ಕಿಡ್ ಇದ್ದ ಕೊಂಬೆಯೇ ಮುರಿದು ಬಿದ್ದರೆ ಮಾತ್ರ ಕೈ ಹಾಕಿ. ಕೊಂಬೆಯಿಂದ ಬೇರು ಬಿಡಿಸಬೇಡಿ. ಗಿಡವಿರುವ ತುಂಡನ್ನು ಹಾಗೆಯೇ ಗರಗಸದಿಂದ ಕೊಯ್ದು, ಅದೇ ಮರದ ಅಥವಾ ಅದೇ ಜಾತಿಯ ಇನ್ನೊಂದು ಮುದಿ ಮರದ ಕವಲಿಗೆ ತೆಂಗಿನ ನಾರಿನ ಹಗ್ಗದಿಂದ ಬಿಗಿಯಾಗಿ ಕಟ್ಟಿ. ಬೆಳಗಿನ ಬಿಸಿಲು ಬೀಳುವ ಮಗ್ಗುಲು ಒಳ್ಳೆಯದು. ಪ್ಲಾಸ್ಟಿಕ್ ದಾರ ಬೇಡ, ತಂತಿ ಬೇಡ. ಮುಂಗಾರಿನ ಹೊತ್ತಿಗೆ ಕಟ್ಟಿದರೆ ಮಳೆಗಾಲದಲ್ಲಿ ಹೊಸ ಬೇರು ಹೊರಟು ಹೊಸ ತೊಗಟೆಯನ್ನು ಹಿಡಿದುಕೊಳ್ಳುತ್ತದೆ. ಹಗ್ಗ ತಾನಾಗಿ ಕೊಳೆತು ಬೀಳುತ್ತದೆ.

ಮರದ ಲೆಕ್ಕದಲ್ಲಿ ಬಾರದ್ದು

ಒಂದೊಂದು ಗಿಡವನ್ನು ಉಳಿಸುವ ಈ ಮಾತೆಲ್ಲ ಮರ ನಿಂತಿರುವವರೆಗೆ ಮಾತ್ರ. ಅಕ್ರಮ ಗಣಿಗಾರಿಕೆಯ ಹಾವಳಿ ಮಿತಿಮೀರಿ 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿದ್ದನ್ನು ಈ ಭಾಗದವರು ಮರೆತಿಲ್ಲ. ಆಮೇಲೆ ಷರತ್ತುಗಳೊಂದಿಗೆ ಗಣಿಗಳು ಮತ್ತೆ ತೆರೆದವು. ದೇವದಾರಿ ಬೆಟ್ಟಸಾಲಿನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿಗೆಂದು ಗುರುತಿಸಿದ ಸುಮಾರು 400 ಹೆಕ್ಟೇರ್ ಅರಣ್ಯದಲ್ಲಿ 99,330 ಮರಗಳಿವೆ ಎಂಬ ಲೆಕ್ಕ 2024ರಲ್ಲಿ ರಾಜ್ಯದಾದ್ಯಂತ ಚರ್ಚೆಯಾಯಿತು. ಆ ಅರಣ್ಯ ಭೂಮಿಯನ್ನು ಹಸ್ತಾಂತರಿಸದಂತೆ ರಾಜ್ಯದ ಅರಣ್ಯ ಸಚಿವರು ಆಗ ಸೂಚಿಸಿದರು. ಮರ ಎಣಿಸುವವರು ಬರೆದುಕೊಳ್ಳುವುದು ಜಾತಿ, ಸುತ್ತಳತೆ, ಎತ್ತರ. ಕವಲಿನಲ್ಲಿ ಏನಿದೆ ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ಪರಿಹಾರವೆಂದು ಬೇರೆಡೆ ನೆಟ್ಟ ಸಸಿಯ ತೊಗಟೆ ಒಂದು ವಂಡಾ ಬೀಜವನ್ನು ಹಿಡಿದಿಡುವಷ್ಟು ಒರಟಾಗಲು ದಶಕಗಳು ಬೇಕು. ಅಷ್ಟರಲ್ಲಿ ಬೀಜ ಹಾರಿಬರಲು ಹತ್ತಿರದಲ್ಲಿ ತಾಯಿಗಿಡವೂ ಉಳಿದಿರಬೇಕು.

ರಸ್ತೆ ಅಗಲೀಕರಣಕ್ಕೆ ಸಾಲುಮರ ಕಡಿಯುವಾಗಲೂ ಇದೇ ಆಗುತ್ತದೆ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪ್ತಿಯಲ್ಲಿ 50ಕ್ಕಿಂತ ಹೆಚ್ಚು ಮರ ಕಡಿಯುವ ಪ್ರಸ್ತಾವ ಬಂದರೆ ವೃಕ್ಷ ಅಧಿಕಾರಿ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಹೊಸಪೇಟೆಯಲ್ಲಾಗಲಿ ಸಂಡೂರಿನಲ್ಲಾಗಲಿ ಅಂಥ ಪ್ರಕಟಣೆ ಕಂಡರೆ, ಮರಗಳ ಮೇಲೆ ಬರೆದ ಸಂಖ್ಯೆ ಹಿಡಿದು ಒಂದು ಸುತ್ತು ಹಾಕಿ. ಯಾವ ಸಂಖ್ಯೆಯ ಮರದಲ್ಲಿ ಎಷ್ಟು ಆರ್ಕಿಡ್ ಇವೆ, ನೆಲದಿಂದ ಎಷ್ಟು ಎತ್ತರದಲ್ಲಿವೆ ಎಂದು ಫೋಟೊ ಸಮೇತ ಬರೆದು, ಅರ್ಜಿಯ ಎರಡು ಪ್ರತಿ ಮಾಡಿ. ಒಂದನ್ನು ವೃಕ್ಷ ಅಧಿಕಾರಿಯ ಕಚೇರಿಯಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಮರ ಉಳಿಸಲಾಗದಿದ್ದರೆ ಕಡಿಯುವ ಮೊದಲೇ ಆ ಕೊಂಬೆಗಳನ್ನು ಬೇರೆ ಮರಕ್ಕೆ ಸಾಗಿಸಿ ಕಟ್ಟಬೇಕೆಂಬ ಬೇಡಿಕೆಯನ್ನೂ ಅದೇ ಅರ್ಜಿಯಲ್ಲಿ ಸೇರಿಸಿ.